ಸೀಟಿಗೆ ಹಾಕಿದ ಪುಸ್ತಕ

ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಎಂಟು ಗಂಟೆಯ ಗುಂಡ್ಲುಪೇಟೆ ಬಸ್ಸಿಗೆ ಸೀಟು ಹಿಡಿಯಲು ಒಂದು ಪದ್ಧತಿಯಿದೆ. ಬಾಗಿಲಲ್ಲಿ ನುಗ್ಗುವ ತಾಕತ್ತಿಲ್ಲದವರು ಕಿಟಕಿಯಿಂದ ಏನಾದರೂ ಒಳಗೆ ಹಾಕಬೇಕು. ಕರ್ಚೀಫು, ಟವೆಲ್ಲು, ಊಟದ ಬ್ಯಾಗು, ಏನೂ ಇಲ್ಲದಿದ್ದರೆ ಒಂದು ಚಿಪ್ಪು ಬಾಳೆಹಣ್ಣು. ವಸ್ತು ಯಾರದೋ ಸೀಟು ಅವರದು. ಈ ಕಾನೂನನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮುರಿಯುವುದೂ ಇಲ್ಲ.

ಆವತ್ತು ಭಾಗ್ಯ ಕರ್ಚೀಫು ಮರೆತು ಬಂದಿದ್ದಳು. ಬ್ಯಾಗಿಗೆ ಕೈ ಹಾಕಿದಾಗ ಸಿಕ್ಕಿದ್ದು ಪುಸ್ತಕ. ಖಾಕಿ ಬೈಂಡ್ ಹಾಕಿ, ‘ವಿಜ್ಞಾನ, ಒಂಬತ್ತನೇ ತರಗತಿ’ ಎಂದು ಲೇಬಲ್ ಅಂಟಿಸಿದ್ದ ಪುಸ್ತಕ. ಹಿಂದುಮುಂದು ನೋಡದೆ ಕಿಟಕಿಯಿಂದ ಒಳಗೆ ಹಾಕಿಬಿಟ್ಟಳು.

ನೂಕುನುಗ್ಗಲು ದಾಟಿ ಅವಳು ಒಳಗೆ ಬರುವ ಹೊತ್ತಿಗೆ ಸೀಟು ಹಾಗೇ ಇತ್ತು. ಪುಸ್ತಕ ಮಾತ್ರ ಪಕ್ಕದ ಸೀಟಿನವನ ಕೈಯಲ್ಲಿತ್ತು, ಅವನು ಅದನ್ನು ಮೈಮರೆತು ಓದುತ್ತಿದ್ದ.

"ಟೀಚರ್, ಒಂಬತ್ತನೇ ಕ್ಲಾಸಿನ ಸಿಲಬಸ್ ಬಾಳ ಚೆನ್ನಾಗದೆ," ಅಂದ, ತಲೆಯೆತ್ತದೆ. "ನಮ್ ಕಾಲದಲ್ಲಿ ಉಷ್ಣ, ಬೆಳಕು, ಶಬ್ದ ಅಷ್ಟೇ ಇದ್ದದ್ದು. ಇದ್ರಲ್ಲಿ ಆಕಾಶದಲ್ಲಿ ನೌಕೆ ಕೆಟ್ಟು ನಿಂತದೆ, ಹುಡುಗ ಹುಡುಗಿ ಇಬ್ರೂ ಒಂದೇ ಪೈಪಲ್ಲಿ ಆಕ್ಸಿಜನ್ ಎಳೀತಾವ್ರೆ."

ಭಾಗ್ಯಳ ಕಿವಿ ಬಿಸಿಯಾಯಿತು. "ಅದು ಒಬ್ಬ ಸ್ಟೂಡೆಂಟಿಂದ ಕಿತ್ಕೊಂಡಿದ್ದು. ನಿನ್ನೆ."

"ನಿನ್ನೆ ಕಿತ್ಕೊಂಡಿದ್ದಕ್ಕೆ ನೂರಾ ಎಂಬತ್ತನೇ ಪುಟದಲ್ಲಿ ಬಸ್ ಟಿಕೆಟ್ ಇಟ್ಟಿದ್ದೀರ. ಬಾಳ ಬಿರ್ರನೆ ಓದ್ತೀರ ಬುಡಿ."

ಈಗ ಅವನು ತಲೆಯೆತ್ತಿದ. ಬಾಯಿ ಗಂಭೀರವಾಗಿತ್ತು, ಕಣ್ಣು ನಗುತ್ತಿತ್ತು. ಅವಳು ಪುಸ್ತಕ ಕಿತ್ತುಕೊಂಡು ಬ್ಯಾಗಿಗೆ ತುರುಕಿ ಕಿಟಕಿಯಾಚೆ ನೋಡುತ್ತ ಕುಳಿತಳು. ಆಚೆ ನೋಡುವಂಥದ್ದು ಏನೂ ಇರಲಿಲ್ಲ.

ಅವನು ಮಹದೇವಸ್ವಾಮಿ. ತೆರಕಣಾಂಬಿ ದಾಟಿದ ಮೇಲೆ ಸಿಗುವ ಹುಣಸೆಮಾಳದಲ್ಲಿ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವವನು. ಭಾಗ್ಯ ಅದೇ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಎರಡು ವರ್ಷದಿಂದ ಒಂದೇ ಬಸ್ಸಿನಲ್ಲಿ ಓಡಾಡುತ್ತಿದ್ದರೂ ಮಾತಾಡಿದ್ದು ಅದೇ ಮೊದಲು.

ಕಿತ್ತುಕೊಂಡ ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಅದು ಹಿಂದಿನ ವರ್ಷದ ಕಥೆ, ಪುಸ್ತಕವೂ ಬೇರೆ. ಹುಡುಗಿಯೊಬ್ಬಳ ಡೆಸ್ಕಿನಡಿಯಿಂದ ಎಳೆದು ತೆಗೆದು, "ಇಂಥಾ ಕಸ ಓದಿದ್ರೆ ಉದ್ಧಾರ ಆದ ಹಾಗೇ" ಎಂದು ಇಡೀ ಕ್ಲಾಸಿನೆದುರು ಬೈದಿದ್ದಳು. ಸಂಜೆ ಬಸ್ಸಿನಲ್ಲಿ, ಕಸವೆಂದರೆ ಎಷ್ಟು ಕಸವೆಂದು ನೋಡೋಣ ಎಂದು ತೆರೆದವಳು, ಬಸ್ಸೆಲ್ಲ ಖಾಲಿಯಾಗಿ ಕಂಡಕ್ಟರ್ ಬಂದು "ಇಳೀರಮ್ಮ, ಊರು ಬಂತು" ಅನ್ನುವವರೆಗೆ ತಲೆಯೆತ್ತಿರಲಿಲ್ಲ.

ಅಂದಿನಿಂದ ಹಿಡಿದ ಹುಚ್ಚು. ಗ್ರಹದಿಂದ ಗ್ರಹಕ್ಕೆ ಓಡುವ ನೌಕೆಗಳು, ಉಲ್ಕೆಯ ಮಳೆ, ಸಾವಿನ ಬಾಯಿಂದ ಒಬ್ಬರನ್ನೊಬ್ಬರು ಎಳೆದುಕೊಳ್ಳುವ ಪ್ರೇಮಿಗಳು. ಲೆಕ್ಕ ಹಾಕಿದರೆ ಅರ್ಧಕ್ಕರ್ಧ ವಿಜ್ಞಾನ ತಪ್ಪು. ವೇಗ ತಪ್ಪು, ಗುರುತ್ವಾಕರ್ಷಣೆ ತಪ್ಪು. ಬಿ.ಎಸ್ಸಿ. ಓದಿದ ಅವಳಿಗೆ ಅದೆಲ್ಲ ಗೊತ್ತು. ಗೊತ್ತಿದ್ದೂ ಕೊನೆಯ ಪುಟ ಮುಗಿದ ಮೇಲೆ ಮತ್ತೆ ಮೊದಲ ಪುಟ ತೆಗೆಯುತ್ತಿದ್ದಳು. ಆ ಹುಡುಗಿಗೆ ಪುಸ್ತಕ ವಾಪಸು ಕೊಡುವ ಧೈರ್ಯ ಬಂದಿರಲಿಲ್ಲ. ಅವಳಿಗೆ ಎರಡು ನಾಚಿಕೆ. ಓದಿದ್ದಕ್ಕೆ ಒಂದು, ಬೈದಿದ್ದಕ್ಕೆ ಇನ್ನೊಂದು.

ಮಾರನೆಯ ದಿನ ಅವಳ ಸೀಟಿನ ಮೇಲೆ ಯಾರೋ ಆಗಲೇ ಟವೆಲ್ ಹಾಕಿದ್ದರು. ಹಾಕಿದವನು ಮಹದೇವಸ್ವಾಮಿ.

"ನಿಮ್ಗೇ ಹಾಕಿದ್ದು, ಕೂತ್ಕಳಿ," ಅಂದ. "ನನ್ನತ್ರ ಇಂಥವು ಮೂವತ್ತು ಮೂವತ್ತೈದು ಪುಸ್ತಕ ಅವೆ. ಲೈಬ್ರರಿದಲ್ಲ, ನನ್ನ ಸ್ವಂತದ್ದು. ಬೇಕಾದ್ರೆ ಕೇಳಿ. ನಾನು ರಾಜಾರೋಷವಾಗಿ ಓದ್ತೀನಿ, ನಂಗೇನು ಭಯ?"

ಭಾಗ್ಯ ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದಳು. "ಬೈಂಡ್ ಹಾಕಿ ಕೊಡ್ತೀರಾ?"

ಅವನು ಅವಳನ್ನು ಒಂದು ಗಳಿಗೆ ನೋಡಿದ. ನಗುತ್ತಾನೆ ಅಂದುಕೊಂಡಳು. ನಗಲಿಲ್ಲ. "ಹಾಕ್ಕೊಡ್ತೀನಿ," ಅಂದ.

ಹಾಗೆ ಶುರುವಾಯಿತು. ಅವನು ಹಾಕುವ ಬೈಂಡ್ ಎಂದರೆ ಮೂಲೆ ಮಡಚಿ, ಬೆನ್ನು ತಿದ್ದಿ, ದುಂಡಗೆ ಲೇಬಲ್ ಬರೆದದ್ದು. ಸ್ಕೂಲಿನ ಇಡೀ ಬೀರುವಿನಲ್ಲಿ ಅಷ್ಟು ನೀಟಾದ ವಿಜ್ಞಾನದ ಪುಸ್ತಕ ಇನ್ನೊಂದಿರಲಿಲ್ಲ.

ಶ್ರಾವಣ ಕಳೆಯುವ ಹೊತ್ತಿಗೆ ಇಬ್ಬರೂ ಒಂದೇ ಪುಸ್ತಕ ಓದುತ್ತಿದ್ದರು. ‘ಹನ್ನೊಂದು ನಿಮಿಷದಾಚೆ’ ಅಂತ ಅದರ ಹೆಸರು. ದೂರದ ನೌಕೆಯೊಂದರಲ್ಲಿ ಚೈತ್ರ ಎಂಬ ಹುಡುಗಿ ಒಬ್ಬಳೇ ಸಿಕ್ಕಿಕೊಂಡಿದ್ದಾಳೆ. ಭೂಮಿಯಲ್ಲಿ ರೇಡಿಯೋ ಮುಂದೆ ಕುಳಿತ ನೀಲಕಂಠ ನೌಕೆ ರಿಪೇರಿ ಮಾಡುವುದನ್ನು ಅವಳಿಗೆ ಹೇಳಿಕೊಡಬೇಕು. ಮಾತು ಅಲ್ಲಿಗೆ ತಲುಪಲು ಹನ್ನೊಂದು ನಿಮಿಷ, ಉತ್ತರ ಬರಲು ಮತ್ತೆ ಹನ್ನೊಂದು. ಅಷ್ಟರಲ್ಲಿ ಗಾಳಿ ಸೋರಿಹೋದರೆ ಮುಗಿಯಿತು. ಹಾಗಾಗಿ ಅವಳು ಏನು ಕೇಳಬಹುದೆಂದು ಊಹಿಸಿ, ಕೇಳುವ ಮೊದಲೇ ಉತ್ತರ ಕಳಿಸುವುದನ್ನು ಅವನು ಕಲಿಯುತ್ತಾನೆ.

ಪುಸ್ತಕ ಅವನ ತೊಡೆಯ ಮೇಲೆ. ಎಡಪುಟ ಮುಗಿದು ಬಲಪುಟ ಮುಗಿದ ಮೇಲೆ, ತಿರುಗಿಸುವ ಮೊದಲು ಅವನು ಅವಳ ಕಡೆ ಒಂದು ಸಲ ನೋಡುತ್ತಿದ್ದ. ಮುಗೀತಾ ಎಂದು ಕೇಳುವ ನೋಟ. ಹುಬ್ಬು ಸ್ವಲ್ಪ ಮೇಲೆ, ಬೆರಳು ಪುಟದ ತುದಿಯಲ್ಲಿ. ಭಾಗ್ಯ ಬೇಗ ಓದುವವಳು, ಎಂದೋ ಮುಗಿಸಿರುತ್ತಿದ್ದಳು. ಆದರೂ "ಇನ್ನೂ ಸ್ವಲ್ಪ" ಅನ್ನುತ್ತಿದ್ದಳು. ಅವನು ಕಾಯುತ್ತಿದ್ದ. ಆ ಕಾಯುವ ಕಣ್ಣಿನಡಿಯಲ್ಲಿ ಸುಮ್ಮನೆ ಅಕ್ಷರ ನೋಡುತ್ತ ಕೂರುವುದು ಅವಳಿಗೆ ಕಥೆಗಿಂತ ಇಷ್ಟವಾಗತೊಡಗಿತ್ತು.

"ಬಿ.ಎಸ್ಸಿ. ಓದಿದವ್ರು ಇಷ್ಟು ನಿಧಾನ ಓದಿದ್ರೆ ಹೆಂಗೆ ಟೀಚರ್?"

"ವಿಜ್ಞಾನ ಸರಿ ಇದ್ಯಾ ಅಂತ ಚೆಕ್ ಮಾಡ್ತಿದ್ದೀನಿ."

"ಈ ಪುಟದಲ್ಲಿ ವಿಜ್ಞಾನ ಎಲ್ಲದೆ? ಬರೀ ಅವ್ಳು ಅಳ್ತಾವ್ಳೆ."

ಇಷ್ಟೆಲ್ಲ ಇದ್ದೂ, ತೆರಕಣಾಂಬಿಯ ಕೆರೆ ಕಂಡ ಕೂಡಲೇ ಭಾಗ್ಯ ಬ್ಯಾಗೆತ್ತಿಕೊಂಡು ಎದ್ದು ಮುಂದಿನ ಹೆಂಗಸರ ಸೀಟಿನ ಬಳಿ ಹೋಗಿ ನಿಲ್ಲುತ್ತಿದ್ದಳು. ತೆರಕಣಾಂಬಿಯಲ್ಲಿ ಹೆಡ್‌ಮಾಸ್ಟರ್ ಶಿವಶಂಕರ ಹತ್ತುತ್ತಿದ್ದರು. ಲೈಬ್ರರಿಯವನ ಪಕ್ಕ, ಅಂಥಾ ಪುಸ್ತಕದ ಪಕ್ಕ ಅವರ ಕಣ್ಣಿಗೆ ಬೀಳಲು ಅವಳು ತಯಾರಿರಲಿಲ್ಲ. ಮಹದೇವಸ್ವಾಮಿ ಓದಿದ ಪುಟಕ್ಕೆ ಟಿಕೆಟ್ ಇಟ್ಟು ಪುಸ್ತಕ ಮುಚ್ಚಿ, ಇಳಿಯುವಾಗ ಅವಳ ಕೈಗೆ ಕೊಟ್ಟು ಹೋಗುತ್ತಿದ್ದ.

ಶನಿವಾರ ಮಕ್ಕಳ ಓದಿಗೆಂದು ಲೈಬ್ರರಿಯಿಂದ ಸ್ಕೂಲಿಗೆ ಒಂದು ಕಟ್ಟು ಪುಸ್ತಕ ಹೋಗುತ್ತಿತ್ತು. ಅದನ್ನು ಒಯ್ಯುವ ಕೆಲಸ ಭಾಗ್ಯಳದು. ಆ ಶನಿವಾರ ಕಟ್ಟನ್ನು ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟು, ತನ್ನ ಪುಸ್ತಕವನ್ನೂ ಪಕ್ಕದಲ್ಲಿಟ್ಟು ಹಾಜರಿಗೆ ಸಹಿ ಹಾಕುತ್ತಿದ್ದಳು. ಒಂಬತ್ತನೇ ತರಗತಿಗೆ ಪ್ರಶ್ನೆ ತೆಗೆಯಬೇಕಿದ್ದ ಹೆಡ್‌ಮಾಸ್ಟರು ಬಂದು, ಲೇಬಲ್ ನೋಡಿ ಪುಸ್ತಕ ಎತ್ತಿಕೊಂಡರು. ಅವಳು "ಸಾರ್" ಅನ್ನುವಷ್ಟರಲ್ಲಿ ಟಿಕೆಟ್ ಇಟ್ಟಿದ್ದ ಪುಟ ತೆರೆದುಕೊಂಡಿತು.

ಅವರು ಗಟ್ಟಿಯಾಗಿ ಓದಿದರು. "‘ನೀಲಕಂಠ, ನಿನ್ನ ದನಿ ನನ್ನ ಹೆಲ್ಮೆಟ್ಟಿನೊಳಗೇ ಇದೆ. ಇದಕ್ಕಿಂತ ಹತ್ತಿರ ನನ್ನ ಬಳಿ ಯಾರೂ ಬಂದಿಲ್ಲ.’"

ಸ್ಟಾಫ್ ರೂಮು ನಕ್ಕಿತು. ಡ್ರಿಲ್ ಮಾಸ್ಟರ್ ತಲೆಗೆ ಊಟದ ಡಬ್ಬಿ ಬೋರಲು ಹಾಕಿಕೊಂಡು "ನೀಲಕಂಠಾ" ಎಂದು ಹೆಣ್ಣು ದನಿ ಮಾಡಿದ. ಬೆಳಿಗ್ಗೆ ಬಸ್ಸಿನಲ್ಲಿ ಆ ಸಾಲಿಗೆ ಬಂದಾಗ ಮಹದೇವಸ್ವಾಮಿ ಪುಟದ ತುದಿಗೆ ಬೆರಳಿಟ್ಟು ಅದೇ ಸಾಲನ್ನು ಇನ್ನೊಮ್ಮೆ ಓದಿದ್ದ. ಅವಳೂ ಓದಿದ್ದಳು. ಈಗ ಅದೇ ಸಾಲಿಗೆ ಎಲ್ಲರೂ ನಗುತ್ತಿದ್ದರು, ಎಲ್ಲರ ಜೊತೆ ಭಾಗ್ಯಳೂ ನಕ್ಕಳು.

"ಯಾರದಿದು?" ಹೆಡ್‌ಮಾಸ್ಟರು ಕೇಳಿದರು. ಅವರು ನಗುತ್ತಿರಲಿಲ್ಲ.

ಲೇಬಲ್ಲಿನ ಅಕ್ಷರ ಅವಳದಲ್ಲ. ಅದು ಹೊಳೆದದ್ದೇ ತಡ, ಬಾಯಿಂದ ಮಾತು ಬಂದುಬಿಟ್ಟಿತು. "ಲೈಬ್ರರಿ ಕಟ್ಟಲ್ಲಿ ಬಂದಿರಬೇಕು ಸಾರ್."

"ಮಕ್ಕಳ ಕಟ್ಟಿಗೆ ಇದನ್ನ ಹಾಕವ್ನಾ? ಅದೂ ವಿಜ್ಞಾನ ಅಂತ ಲೇಬಲ್ ಅಂಟಿಸಿ?" ಅವರು ಅಲ್ಲೇ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. "ಏನಪ್ಪ ಮಹದೇವಸ್ವಾಮಿ, ಮಕ್ಕಳಿಗೆ ಕಳಿಸೋ ಪುಸ್ತಕವೇನಯ್ಯ ಇದು? ನಿಮ್ಮ ಕಟ್ಟಲ್ಲಿ ಬಂತು ಅಂತ ಭಾಗ್ಯ ಟೀಚರ್ ಹೇಳ್ತಾವ್ರೆ."

ಆ ಕಡೆಯಿಂದ ದನಿ ಬಂತು. "ಟೀಚರೇ ಹೇಳಿದ್ರಾ ಸಾರ್?"

"ಹೂಂ. ಇಲ್ಲೇ ಅವ್ರೆ."

"ಹಂಗಾದ್ರೆ ಸರಿ ಸಾರ್. ನನ್ನಿಂದ್ಲೇ ತಪ್ಪಾಯ್ತು."

ಭಾಗ್ಯ ನೆಲ ನೋಡುತ್ತ ನಿಂತಿದ್ದಳು. ಈಗ ಹೇಳು, ಈಗಲೇ ಹೇಳು ಎಂದು ಮನಸ್ಸು ಹೊಡೆದುಕೊಳ್ಳುತ್ತಿತ್ತು. ಬೆಲ್ ಹೊಡೆಯಿತು. ಅವಳು ಚಾಕ್‌ಪೀಸ್ ತೆಗೆದುಕೊಂಡು ಕ್ಲಾಸಿಗೆ ಹೋದಳು.

ಸೋಮವಾರ ಅವಳ ಸೀಟಿನ ಮೇಲೆ ಟವೆಲ್ ಇರಲಿಲ್ಲ. ಅವನು ಹಿಂದಿನ ಸಾಲಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತಿದ್ದ. ಹೋಗಿ ಮಾತಾಡಬೇಕೆಂದು ಅವಳು ಎರಡು ಸಲ ಎದ್ದಳು, ಎರಡು ಸಲವೂ ಕುಳಿತಳು. ಯಾವ ಮುಖ ಹೊತ್ತು ಹೋಗುವುದು? ಹೀಗೇ ಒಂದು ವಾರ ಕಳೆಯಿತು. ಬಸ್ಸು ತೆರಕಣಾಂಬಿ ಮುಟ್ಟಿದಾಗ ಎದ್ದು ಹೋಗುವ ಕೆಲಸವೇ ಇರಲಿಲ್ಲ, ಪಕ್ಕದಲ್ಲಿ ಅವನು ಇರುತ್ತಿರಲಿಲ್ಲ.

ನೋಟೀಸಿನ ಸುದ್ದಿ ಹೇಳಿದವಳು ಬಿಸಿಯೂಟ ಮಾಡುವ ಸುಂದ್ರಮ್ಮ. ಭಾಗ್ಯ ಕೈ ತೊಳೆಯಲು ಅಡುಗೆ ಕೋಣೆಯ ನಲ್ಲಿಯ ಬಳಿ ಹೋದಾಗ, ಅವಳು ಸಾರಿನ ಪಾತ್ರೆ ಉಜ್ಜುತ್ತ ಮಾತು ತೆಗೆದಳು.

"ನಮ್ ಲೈಬ್ರರಿ ಸ್ವಾಮಿಗೆ ನೋಟೀಸ್ ಬಂದದಂತೆ ಕಣವ್ವ. ಎಡ್‌ಮಾಸ್ಟ್ರು ಬರ್ದಾಕ್ಬುಟ್ಟವ್ರೆ. ಗುರ್ವಾರ ಗುಂಡ್ಲುಪೇಟೆ ತಾಲೂಕ್ ಪಂಚಾಯ್ತಿ ಆಪೀಸಿಗೆ ಓಗ್ಬೇಕಂತೆ, ಸಾಯೇಬ್ರು ಕೇಳ್ತಾರಂತೆ. ಕೆಲ್ಸದಿಂದ ತಗದ್ರೂ ತಗದ್ರೇ ಅಂತಾವ್ರೆ."

ಭಾಗ್ಯ ನಲ್ಲಿ ನಿಲ್ಲಿಸುವುದನ್ನೇ ಮರೆತಳು.

"ಅದಿರ್ಲಿ ಟೀಚರಮ್ಮ, ಒಂದ್ ಮಾತ್ ಕೇಳ್ಲಾ? ಅವತ್ತು ಮೇಷ್ಟ್ರು ಓದುದ್ರಲ್ಲ, ನಾನು ಟೀ ತಕಬಂದು ಬಾಗ್ಲಲ್ಲೇ ನಿಂತಿದ್ದೆ. ಆ ಉಡುಗಿ, ಒಂಟಿಯಾಗಿ ಮ್ಯಾಲೆ ಸಿಕ್ಕಾಕಂಡವ್ಳಲ್ಲ, ವಾಪಸ್ ಬತ್ತಾಳಾ? ನಂಗೆ ಅದೇ ಯೋಚ್ನೆ ಕಣವ್ವ. ಎಲ್ರೂ ನಗ್ತಿದ್ರು, ನಂಗೆ ಯಾಕೋ ಒಟ್ಟೆ ಉರೀತು."

ಓದು ಬಾರದ ಸುಂದ್ರಮ್ಮನಿಗೆ ಕೇಳಲು ಒಂದಿಷ್ಟೂ ಸಂಕೋಚವಿರಲಿಲ್ಲ. ಎರಡು ಡಿಗ್ರಿ ಮಾಡಿದ ಭಾಗ್ಯಳಿಗೆ ಅಲ್ಲೇ ಕಣ್ಣು ತುಂಬಿಕೊಂಡಿತು. "ನಾವಿನ್ನೂ ಓದಿ ಮುಗಿಸಿಲ್ಲ ಸುಂದ್ರಮ್ಮ," ಅಂದಳು. ನಾವು ಅಂದದ್ದು ಆಮೇಲೆ ತಿಳಿಯಿತು.

"ಮತ್ತೆ ಓದ್ ಮುಗ್ಸಿ," ಅಂದಳು ಸುಂದ್ರಮ್ಮ, ನಲ್ಲಿ ನಿಲ್ಲಿಸುತ್ತ.

ಗುರುವಾರ ಅರ್ಧ ದಿನ ರಜೆ ಹಾಕಿ ಭಾಗ್ಯ ಗುಂಡ್ಲುಪೇಟೆಗೆ ಹೋದಳು. ಆಫೀಸಿನ ವರಾಂಡದಲ್ಲಿ ಮಹದೇವಸ್ವಾಮಿ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕುಳಿತಿದ್ದ. ಅವಳನ್ನು ಕಂಡು ಎದ್ದು ನಿಂತ. ಅಷ್ಟರಲ್ಲಿ ಒಳಗೆ ಕರೆದರು. ಕರೆಯದಿದ್ದರೂ ಅವಳು ಹಿಂದೆಯೇ ಹೋದಳು.

ಮೇಜಿನ ಮೇಲೆ ಖಾಕಿ ಬೈಂಡಿನ ಪುಸ್ತಕ ಸಾಕ್ಷಿಯಾಗಿ ಕುಳಿತಿತ್ತು. ಆಚೆ ಸಾಹೇಬರು, ಈಚೆ ಕುರ್ಚಿಯಲ್ಲಿ ಹೆಡ್‌ಮಾಸ್ಟರು. ಜೊತೆಗೆ ಬಂದಿದ್ದ ಡ್ರಿಲ್ ಮಾಸ್ಟರು ಗೋಡೆಗೊರಗಿ ನಿಂತಿದ್ದ.

"ಸಾರ್, ಆ ಪುಸ್ತಕ ಲೈಬ್ರರಿ ಕಟ್ಟಲ್ಲಿ ಬಂದಿದ್ದಲ್ಲ," ಅಂದಳು ಭಾಗ್ಯ. "ಓದೋಕೆ ಅಂತ ನಾನೇ ಇವರ ಹತ್ತಿರ ಇಸ್ಕೊಂಡಿದ್ದೆ. ಬೈಂಡ್ ಹಾಕಿ ಅಂತ ಕೇಳಿದವಳೂ ನಾನೇ. ಯಾರಿಗೂ ಗೊತ್ತಾಗಬಾರದು ಅಂತ. ಅವತ್ತು ನಾಚಿಕೆಯಾಗಿ ಸುಳ್ಳು ಹೇಳಿದೆ."

ಸಾಹೇಬರು ಪುಸ್ತಕ ತೆರೆದು ಮೊದಲ ಪುಟ ನೋಡಿದರು. ಒಳಗಿನ ಚಿತ್ರದಲ್ಲಿ ಹೆಲ್ಮೆಟ್ ಹಾಕಿದ ಹುಡುಗಿ ಕಣ್ಣೀರಿಡುತ್ತಿದ್ದಳು. "ಇದನ್ನ ನೀವು ಓದ್ತೀರಾ ಮೇಡಂ?"

"ಹೌದು ಸಾರ್."

"ಸೈನ್ಸ್ ಟೀಚರ್ರು?"

"ಹೌದು ಸಾರ್. ನನಗಿಷ್ಟ."

ಡ್ರಿಲ್ ಮಾಸ್ಟರ್ ಕೆಮ್ಮಿದ. ನೆಲ ಬಾಯಿಬಿಟ್ಟರೆ ಸಾಕು ಅನ್ನಿಸುತ್ತಿದ್ದರೂ ಅವಳು ತಲೆ ತಗ್ಗಿಸಲಿಲ್ಲ. ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ನನಗೊಂದ್ ಮಾತು ಹೇಳಬಹುದಿತ್ತಲ್ಲಮ್ಮ. ಸುಮ್ಮನೆ ಒಬ್ಬರ ಮೇಲೆ ಬರೆದುಹಾಕೋ ಹಾಗಾಯ್ತು," ಅಂದರು, ಮತ್ತು ಬರೆದದ್ದನ್ನು ವಾಪಸು ಪಡೆದುಕೊಳ್ಳುವುದಾಗಿ ಅಲ್ಲೇ ಒಪ್ಪಿಕೊಂಡರು. ಸಾಹೇಬರು ಭಾಗ್ಯಳಿಗೆ ಇನ್ನು ಮುಂದೆ ಹೀಗೆಲ್ಲ ಮಾಡಬಾರದೆಂದು ಎಚ್ಚರಿಕೆ ಹೇಳಿ, ಪುಸ್ತಕವನ್ನು ಅವಳ ಕಡೆ ತಳ್ಳಿದರು.

ಆಚೆ ಬಂದಾಗ ಮಹದೇವಸ್ವಾಮಿ ಗೇಟಿನ ಬಳಿ ನಿಂತಿದ್ದ. "ಬಂದು ಹೇಳಿದ್ದು ಒಳ್ಳೇದಾಯ್ತು ಟೀಚರ್. ಥ್ಯಾಂಕ್ಸ್," ಎಂದು ಹೊರಟ.

"ನಿಲ್ಲಿ. ನಂದು ತಪ್ಪಾಯ್ತು. ನಿಮ್ಮ ಕೆಲಸಕ್ಕೇ ಸಂಚಕಾರ ತಂದ್ಬಿಟ್ಟಿದ್ದೆ."

"ನೋಟೀಸಿಗೆ ನಂಗೇನೂ ಬೇಜಾರಿಲ್ಲ ಕಣ್ರೀ. ಇದಲ್ಲದಿದ್ರೆ ಇನ್ನೊಂದ್ ಕೆಲ್ಸ ನೋಡ್ಕತಿದ್ದೆ." ಅವನು ರಸ್ತೆ ಕಡೆ ನೋಡುತ್ತ ಮಾತಾಡಿದ. "ತೆರಕಣಾಂಬಿ ಬರೋಕ್ ಮುಂಚೆ ದಿನಾ ಎದ್ದೋಗ್ತಿದ್ರಲ್ಲ, ಬೇಜಾರು ಅದು. ಪುಸ್ತಕಕ್ಕೆ ಬೈಂಡ್ ಹಾಕಿ ಅಂದ್ರಿ, ಹಾಕ್ಕೊಟ್ಟೆ. ನನಗೂ ಬೈಂಡ್ ಹಾಕ್ಕಳಿ ಅಂದ್ರೆ ನಾನೆಲ್ಲಿ ಹಾಕ್ಕಳನ?"

ಅವನು ಬಸ್ ಸ್ಟ್ಯಾಂಡಿನ ಕಡೆ ನಡೆದ. ಹತ್ತು ಹೆಜ್ಜೆ ಹಿಂದೆ ಅವಳು, ಇನ್ನೂ ಹಿಂದೆ ಹೆಡ್‌ಮಾಸ್ಟರು ಮತ್ತು ಡ್ರಿಲ್ ಮಾಸ್ಟರು.

ಸಂಜೆಯ ಚಾಮರಾಜನಗರ ಬಸ್ಸಿಗೆ ಜನ ಕಿಕ್ಕಿರಿದಿದ್ದರು. ತರಕಾರಿ ಮಾರಿ ಹೊರಟ ಹೆಂಗಸರು, ಕಾಲೇಜು ಹುಡುಗಿಯರು, ಕಲ್ಪೆಟ್ಟದ ಕಡೆಯಿಂದ ಬಂದು ಮಲಯಾಳದಲ್ಲೇ ದಾರಿ ಕೇಳುತ್ತಿದ್ದ ಒಂದು ಸಂಸಾರ. ಬಸ್ಸು ತಿರುಗಿ ನಿಲ್ಲುವಷ್ಟರಲ್ಲಿ ಮುಂದಿನ ಕಿಟಕಿಗಳಲ್ಲೆಲ್ಲ ಟವೆಲ್ಲು, ಕರ್ಚೀಫು. ಮಹದೇವಸ್ವಾಮಿ ನುಗ್ಗಲು ಮನಸ್ಸಿಲ್ಲದವನಂತೆ ದೂರ ಕಂಬಕ್ಕೊರಗಿ ನಿಂತಿದ್ದ.

ಭಾಗ್ಯ ಬ್ಯಾಗಿನಿಂದ ಪುಸ್ತಕ ತೆಗೆದಳು. ಲೇಬಲ್ಲಿನ ದುಂಡು ಅಕ್ಷರ ಒಂದು ಸಲ ನೋಡಿದಳು. ಆಮೇಲೆ ಉಗುರು ಹಾಕಿ ಬೈಂಡ್ ಹರಿದಳು. ಒಳಗಿನ ರಟ್ಟು ಸಂಜೆ ಬಿಸಿಲಿಗೆ ಬಿದ್ದಿತು. ಕಡುಕೆಂಪು ಆಕಾಶ, ಗಾಜಿನ ಆಚೀಚೆ ಅಂಗೈ ಒತ್ತಿ ನಿಂತ ಹುಡುಗ ಹುಡುಗಿ, ಮೇಲೆ ಮಿರಮಿರ ಮಿಂಚುವ ಬಂಗಾರದ ಅಕ್ಷರ. ನಾಚಿಕೆಪಡಲು ಅದರಲ್ಲಿ ಏನೇನು ಬೇಕೋ ಎಲ್ಲ ಇತ್ತು. ಅವಳು ಹಿಂದಿನಿಂದ ಮೂರನೇ ಕಿಟಕಿಗೆ ಓಡಿ, ತುದಿಗಾಲಲ್ಲಿ ನಿಂತು, ಪುಸ್ತಕವನ್ನು ಇಬ್ಬರ ಸೀಟಿನ ನಟ್ಟನಡುವೆ ಹಾಕಿದಳು.

ಒಳಗಿನಿಂದ ಒಬ್ಬ ಹೆಂಗಸು ಪುಸ್ತಕವನ್ನು ಕಿಟಕಿಯಲ್ಲಿ ಎತ್ತಿ ಹಿಡಿದು, ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದಳು. "ಯಾರ್ದವ್ವ ಈ ಪುಸ್ತ್ಕ?"

ಡ್ರಿಲ್ ಮಾಸ್ಟರ್ ತಿರುಗಿ ನೋಡಿದ. ಹೆಡ್‌ಮಾಸ್ಟರು ನೋಡಿದರು. ಕಾಲೇಜು ಹುಡುಗಿಯರು ಕಿಸಕ್ಕೆಂದರು.

"ನಂದು," ಭಾಗ್ಯ ಕೂಗಿ ಹೇಳಿದಳು. "ಇಬ್ರಿಗೆ ಹಾಕಿರೋದು. ನಂಗೂ, ಅಲ್ಲಿ ಕಂಬದ ಹತ್ರ ಬಿಳಿ ಷರ್ಟಲ್ಲಿ ನಿಂತಿದ್ದಾರಲ್ಲ, ಅವ್ರಿಗೂ."

ಎಲ್ಲರೂ ಕಂಬದ ಕಡೆ ತಿರುಗಿದರು. ಇಷ್ಟು ದಿನ ರಾಜಾರೋಷವಾಗಿ ಓದಿದವನ ಮುಖ ಈಗ ಕೆಂಪಾಗಿತ್ತು.

ಅವನು ಬಂದು ಪಕ್ಕದಲ್ಲಿ ಕುಳಿತಾಗ ಬಸ್ಸು ಹೊರಟಿತ್ತು. ಊರು ದಾಟಿ, ಚೆಂಡುಹೂವಿನ ಹೊಲಗಳು ಎರಡೂ ಕಡೆ ಶುರುವಾದವು. ಅವಳ ಕಿವಿ ಇನ್ನೂ ಸುಡುತ್ತಿತ್ತು.

"ನಿಮ್ಮನ್ನ ಒಂದ್ ಪ್ರಶ್ನೆ ಕೇಳ್ಬೇಕು," ಅಂದ ಅವನು ಕೊನೆಗೆ. "ಬಾಳ ದಿವ್ಸದಿಂದ ಇಟ್ಕಂಡಿದ್ದೀನಿ."

"ಕೇಳ್ಬೇಡಿ," ಅಂದಳು ಭಾಗ್ಯ. "ಉತ್ತರ ಆಗ್ಲೇ ಕಳಿಸಿದ್ದೀನಿ. ಕಿಟಕಿಯಿಂದ."

ಅವನು ನಗಲು ಹೋಗಿ, ನಗಲಾಗದೆ, ಪುಸ್ತಕವನ್ನು ತೊಡೆಯ ಮೇಲೆ ತೆರೆದ. ಟಿಕೆಟ್ ಇನ್ನೂ ಅದೇ ಪುಟದಲ್ಲಿತ್ತು. ಇಬ್ಬರೂ ತಲೆ ಬಗ್ಗಿಸಿ ಓದತೊಡಗಿದರು. ಚೈತ್ರಳ ನೌಕೆಯಲ್ಲಿ ಗಾಳಿ ಸೋರುತ್ತಿತ್ತು.

ತೆರಕಣಾಂಬಿಯ ಕೆರೆ ಕಂಡಿತು. ಅಭ್ಯಾಸಬಲದಿಂದ ಭಾಗ್ಯಳ ಕೈ ಬ್ಯಾಗಿನ ಹಿಡಿಗೆ ಹೋಯಿತು. ಅವನು ಅದನ್ನು ನೋಡಿದ, ನೋಡಿಯೂ ನೋಡದವನ ಹಾಗೆ ಪುಸ್ತಕದಲ್ಲಿ ಕಣ್ಣಿಟ್ಟ. ಅವಳು ಬ್ಯಾಗನ್ನು ಕಾಲಿನ ಹತ್ತಿರ, ಸೀಟಿನ ಕೆಳಗೆ ತಳ್ಳಿದಳು. ಇಳಿಯಲು ಬಾಗಿಲ ಕಡೆ ಹೊರಟ ಹೆಡ್‌ಮಾಸ್ಟರು ಅವರ ಸೀಟಿನ ಪಕ್ಕ ಒಂದು ಗಳಿಗೆ ನಿಂತರು. ಅವಳ ಮೈಯೆಲ್ಲ ಮುದುಡಿಕೊಂಡಿತು, ಆದರೂ ಏಳಲಿಲ್ಲ. "ಬರ್ತೀನಮ್ಮ," ಎಂದು ಅವರು ಇಳಿದು ಹೋದರು.

ಬಸ್ಸು ಮತ್ತೆ ಹೊರಟಿತು. ಮಹದೇವಸ್ವಾಮಿ ಪುಟದ ತುದಿಗೆ ಬೆರಳಿಟ್ಟು, ಹುಬ್ಬು ಸ್ವಲ್ಪ ಎತ್ತಿ, ಅವಳ ಕಡೆ ತಿರುಗಿದ. ಅವಳು ಆ ಪುಟ ಎಂದೋ ಓದಿ ಮುಗಿಸಿದ್ದಳು.

"ಇನ್ನೂ ಸ್ವಲ್ಪ," ಅಂದಳು.